ನಮ್ಮ ಹೊಲದ ಮಣ್ಣು ಎಲ್ಲಿಗೆ ಹೋಗುತ್ತದೆ?



ಮುಂಗಾರಿನ ಮೊದಲ ಜೋರು ಮಳೆ ಬಂದ ಮರುದಿನ ನೀಲಗುಂದದ ಸುತ್ತಮುತ್ತ ಯಾವ ಹಳ್ಳದ ದಂಡೆಗೆ ಹೋಗಿ ನಿಂತರೂ ನೀರು ಚಹಾದ ಬಣ್ಣದಲ್ಲಿ ಹರಿಯುತ್ತಿರುತ್ತದೆ. ಹೊಸ ನೀರು ಬಂತು ಅಂತ ನಮಗೆಲ್ಲ ಖುಷಿ. ಆ ಬಣ್ಣ ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ಅದು ಹೊಲದ ಮೇಲ್ಮಣ್ಣು. ಸಂಘದ ಸಾಲ ತೆಗೆದು ಹಾಕಿದ ಗೊಬ್ಬರವೂ ಅದರ ಜೊತೆಗೇ ಹೊರಟಿರುತ್ತದೆ. ಸಾಲದ ಕಂತು ಮಾತ್ರ ನಮ್ಮ ಹತ್ತಿರವೇ ಉಳಿಯುತ್ತದೆ!

ಹಳ್ಳವಿರಲಿ, ದೊಡ್ಡ ನದಿಯಿರಲಿ, ನೀರು ಮಾಡುವುದು ಮೂರು ಕೆಲಸ. ಕೊರೆಯುತ್ತದೆ, ಹೊರುತ್ತದೆ, ಇಳಿಸುತ್ತದೆ. ಮಕ್ಕಳ ಪುಸ್ತಕದಲ್ಲಿ ಸವೆತ, ಸಾಗಣೆ, ಸಂಚಯನ ಅಂತ ಇರುತ್ತದೆ. ಹುಲ್ಲಿನ ಹೊರೆ ಹೊತ್ತು ಬರುವ ನಮಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಕಾಲಲ್ಲಿ ಕಸುವು ಇರುವ ತನಕ ಹೊರೆ ತಲೆ ಮೇಲೆ, ಕಸುವು ಕಡಿಮೆಯಾಯಿತೆಂದರೆ ಹೊರೆ ಕೆಳಗೆ. ನೀರಿನ ಕಸುವು ಅಂದರೆ ಅದರ ಓಟ. ಓಟ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಲೆಕ್ಕದ ಪ್ರಕಾರ ಸುಮಾರು 64 ಪಟ್ಟಾಗುತ್ತದೆ. ಬೇಸಿಗೆಯಲ್ಲಿ ಮಕ್ಕಳು ಆಡುವ ಹಳ್ಳವೇ ಮಳೆಗಾಲದಲ್ಲಿ ಗುಂಡುಕಲ್ಲು ಉರುಳಿಸಿಕೊಂಡು ಬರುವುದು ಇದಕ್ಕೇ.

ಮುಂದಿನ ಸಭೆಯಲ್ಲಿ ಒಂದು ಪರೀಕ್ಷೆ ಮಾಡಿ ನೋಡ್ರಿ. ಒಂದು ಲೀಟರ್ ಬಾಟಲಿಗೆ ಎರಡು ಹಿಡಿ ಹೊಲದ ಮಣ್ಣು, ಮುಕ್ಕಾಲು ಭಾಗ ನೀರು ಹಾಕಿ ಕುಲುಕಿ ಕೆಳಗಿಡಿ. ಹರಳು, ಉಸುಕು ಕೂಡಲೇ ತಳ ಸೇರುತ್ತವೆ. ಅದರ ಮೇಲೆ ಸಣ್ಣ ಮಣ್ಣು ಪದರವಾಗಿ ಕೂರುತ್ತದೆ. ಉಳಿತಾಯದ ಹಣ ಎಣಿಸಿ, ಪುಸ್ತಕ ಬರೆದು ಮುಗಿಸಿದರೂ ಮೇಲಿನ ನೀರು ಕದಡಿದ ಹಾಗೇ ಇರುತ್ತದೆ. ಗೊಬ್ಬರದ ಸಾರವನ್ನು ಹಿಡಿದಿಟ್ಟುಕೊಳ್ಳುವುದು ಆ ಕದಡಿನಲ್ಲಿರುವ ಜಿಗುಟು ಮಣ್ಣು. ಎಲ್ಲಕ್ಕಿಂತ ದೂರ ಹೋಗುವುದೂ ಅದೇ.

ಎಷ್ಟು ದೂರ? ನಮ್ಮ ಹಳ್ಳಗಳ ನೀರು ಕೊನೆಗೆ ಸೇರುವುದು ತುಂಗಭದ್ರೆಯನ್ನು. ತುಂಗೆ, ಭದ್ರೆ ಎರಡೂ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ಒಂದಾಗುತ್ತವೆ. ಘಟ್ಟದ ಇಳಿಜಾರಿನಲ್ಲಿ ಕೊರೆಯುವ ಕೆಲಸ ಜಾಸ್ತಿ. ಹರಪನಹಳ್ಳಿ, ಹಡಗಲಿ ಸೀಮೆಗೆ ಬರುವಾಗ ನೆಲ ಅಷ್ಟು ಇಳಿಜಾರಿಲ್ಲ, ನದಿ ಹೊರೆ ಇಳಿಸಲು ಶುರು ಮಾಡುತ್ತದೆ. ಕುರುವತ್ತಿಗೆ ಹೋದವರು ದಂಡೆಯ ಉಸುಕು ನೋಡಿರುತ್ತೀರಿ. ನದಿ ತಿರುಗುವ ಕಡೆ ಹೊರಮಗ್ಗುಲಿನ ನೀರು ಜೋರಾಗಿ ದಂಡೆ ಕೊರೆಯುತ್ತದೆ, ಒಳಮಗ್ಗುಲಿನ ನೀರು ನಿಧಾನವಾಗಿ ಉಸುಕು ಗುಡ್ಡೆ ಹಾಕುತ್ತದೆ. ಹೊರಮಗ್ಗುಲಲ್ಲಿ ಹೊಲ ಇದ್ದವರ ಪಹಣಿಯಲ್ಲಿ ಎಕರೆ ಇದ್ದಷ್ಟೇ ಇರುತ್ತದೆ, ನೆಲ ಇರುವುದಿಲ್ಲ. ಉಸುಕು ಬಗೆದ ಗುಂಡಿಯನ್ನು ತುಂಬಲು ನದಿ ಮತ್ತೆ ಆಸುಪಾಸಿನ ಉಸುಕನ್ನೇ ಎಳೆಯುತ್ತದೆ, ದಂಡೆ ಕುಸಿಯುತ್ತದೆ. ಅಂಥ ಕಡೆ ಮಕ್ಕಳನ್ನು ಈಜಲು ಬಿಡಲೇಬೇಡಿ. ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಆಳುದ್ದ ಮಡುವು ಇರುತ್ತದೆ.

(ಹಂಪಿಯ ಬಂಡೆಗಳನ್ನೂ ಹೊಳೆಯೇ ಉರುಳಿಸಿ ತಂದಿತು ಅನ್ನುವವರಿದ್ದಾರೆ. ಹಾಗಲ್ಲ. ಅವು ಇದ್ದಲ್ಲೇ ಬಿಸಿಲು ಮಳೆಗೆ ಸೀಳಿ ದುಂಡಗಾದ ಕಲ್ಲುಗಳು.)

ಮುಂದೆ ಹೊಸಪೇಟೆಯ ಅಣೆಕಟ್ಟೆ. ಅಲ್ಲಿ ನೀರಿನ ಓಟ ಪೂರಾ ನಿಲ್ಲುತ್ತದೆ, ಬಾಟಲಿಯಲ್ಲಿ ನಿಂತ ಹಾಗೆ. ಉಸುಕು ಹಿನ್ನೀರಿನ ಬಾಯಲ್ಲೇ ಕೂರುತ್ತದೆ, ಸಣ್ಣ ಮಣ್ಣು ಒಳಗೆ ಹೋಗಿ ಹೂಳಾಗುತ್ತದೆ. 1953ರಲ್ಲಿ ಈ ಜಲಾಶಯ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. 2016ರ ಅಳತೆಯಲ್ಲಿ ಉಳಿದದ್ದು ಸುಮಾರು 105 ಟಿಎಂಸಿ. ಮಿಕ್ಕ ಜಾಗವನ್ನೆಲ್ಲ ಮಲೆನಾಡಿನಿಂದ ನಮ್ಮ ಸೀಮೆಯವರೆಗಿನ ಮಣ್ಣು ತಿಂದಿದೆ. ಅದನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಬೇಕೆಂದರೆ, ಒಂದು ಟ್ರ್ಯಾಲಿಗೆ ಮೂರು ಘನ ಮೀಟರ್ ಹಿಡಿದರೂ, 25 ಕೋಟಿ ಟ್ರ್ಯಾಲಿಗಿಂತ ಹೆಚ್ಚು ಬೇಕು. ತೆಗೆಯುವ ಮಾತು ಹೇಳುವುದು ಸುಲಭ, ತೆಗೆದು ಹಾಕುವುದೆಲ್ಲಿ?

ಆದ್ದರಿಂದ ಮಣ್ಣನ್ನು ಹಿಡಿಯಬೇಕಾದದ್ದು ಹೊಲದಲ್ಲೇ, ನೀರು ಇನ್ನೂ ಓಟ ಹಿಡಿಯುವ ಮೊದಲು. ಇಳಿಜಾರಿಗೆ ಅಡ್ಡ ಉಳುಮೆ ಮಾಡಿದರೆ ಪ್ರತಿ ಸಾಲೂ ಒಂದು ಚಿಕ್ಕ ಒಡ್ಡು. ಟ್ರ್ಯಾಕ್ಟರಿನವರು ಉದ್ದಕ್ಕೇ ಹೊಡೆದು ಬೇಗ ಮುಗಿಸಲು ನೋಡುತ್ತಾರೆ. ಬಾಡಿಗೆ ಮಾತಾಡುವಾಗಲೇ ಅಡ್ಡ ಹೊಡೀಬೇಕು ಅಂತ ಹೇಳಿಬಿಡಿ. ಬರೀ ಮೆಕ್ಕೆಜೋಳದ ಸಾಲಿನ ನಡುವೆ ನೆಲ ಬಿಚ್ಚಿಕೊಂಡಿರುತ್ತದೆ. ನಡುವೆ ಅಲಸಂದೆಯಂಥ ಹಬ್ಬುವ ಕಾಳು ಇದ್ದರೆ ಮಳೆಹನಿಯ ಹೊಡೆತ ಎಲೆಯ ಮೇಲೆ ಬೀಳುತ್ತದೆ. ಬದುವಿನ ಮೇಲೆ ಹುಲ್ಲು ಬೆಳೆಯಲು ಬಿಡಿ, ದನಕ್ಕೂ ಆಯಿತು, ಬದುವಿಗೂ ಆಯಿತು. ಹೆಚ್ಚಾದ ನೀರು ಹೋಗಲು ಒಂದು ಕಡೆ ಕಲ್ಲು ಜೋಡಿಸಿ ಕೋಡಿ ಬಿಡಲೇಬೇಕು, ಇಲ್ಲದಿದ್ದರೆ ಬದುವೇ ಒಡೆದು ಕೊರಕಲು ಬೀಳುತ್ತದೆ.

ಕೆರೆಗೆ ಹೋಗಿ ಸೇರಿದ ಗೋಡು ಮಣ್ಣನ್ನು ಬೇಸಿಗೆಯಲ್ಲಿ ಹೊಲಕ್ಕೆ ಹೇರುವುದು ಹಿರಿಯರ ಪದ್ಧತಿ. ಬಾಟಲಿಯಲ್ಲಿ ಕದಡಾಗಿ ನಿಂತದ್ದು ಅದೇ ಮಣ್ಣು. ಮಸಾರಿ ಹೊಲಕ್ಕೆ ಅದು ಒಳ್ಳೆಯದು, ತೇವ ನಿಲ್ಲುತ್ತದೆ. ಎರೆ ಹೊಲದಲ್ಲಿ ಜಿಗುಟು ಮಣ್ಣು ಮೊದಲೇ ಇದೆ, ಅಲ್ಲಿಗೆ ಟ್ರ್ಯಾಲಿ ಬಾಡಿಗೆ ಕೊಟ್ಟು ಹೇರುವುದು ದಂಡ.