ಆಸ್ಪತ್ರೆ ಕಟ್ಟುವ ಕರಾರು: ನಷ್ಟ ಯಾರ ಪಾಲಿಗೆ?

ಸರ್ಕಾರ ದೊಡ್ಡ ಆಸ್ಪತ್ರೆ ಕಟ್ಟಿಸುವಾಗ ನಕ್ಷೆಯಷ್ಟೇ ಮುಖ್ಯವಾದದ್ದು ಗುತ್ತಿಗೆಯ ಕರಾರು. ಅದರ ಬಗ್ಗೆ ಬೇರೂರಿರುವ ಕೆಲವು ನಂಬಿಕೆಗಳಿಗೆ ಬ್ರಿಟನ್ ಮತ್ತು ಐರ್ಲೆಂಡ್ ಭಾರೀ ಬೆಲೆ ತೆತ್ತಿವೆ.

ತಪ್ಪು ಕಲ್ಪನೆ: ನಷ್ಟವಾದರೆ ಗುತ್ತಿಗೆದಾರನದೇ ಹೊಣೆ ಎಂದು ಕರಾರಿನಲ್ಲಿ ಬರೆಸಿಕೊಂಡರೆ ಸರ್ಕಾರ ನಿಶ್ಚಿಂತೆಯಿಂದ ಇರಬಹುದು.

ವಾಸ್ತವ: ಲಿವರ್‌ಪೂಲ್‌ನ ರಾಯಲ್ ಆಸ್ಪತ್ರೆಯ ವಿಷಯದಲ್ಲೂ ಹೀಗೇ ನಂಬಿದ್ದರು. ಖಾಸಗಿ ಬಂಡವಾಳದಿಂದ ಶುರುವಾದ 646 ಹಾಸಿಗೆಗಳ ಈ ಆಸ್ಪತ್ರೆ 2017ರ ಮಾರ್ಚ್‌ಗೆ ಮುಗಿಯಬೇಕಿತ್ತು. ಕೆಲಸ ಹಿಡಿದಿದ್ದ ಕ್ಯಾರಿಲಿಯನ್ ಕಂಪನಿ 2018ರ ಜನವರಿ 15ರಂದು ದಿವಾಳಿಯಾಯಿತು. ಕಟ್ಟಡದ ಬೀಮುಗಳನ್ನು ಬಲಪಡಿಸಬೇಕು, ಹೊರಗೋಡೆಯ ಹೊದಿಕೆ ಬೆಂಕಿ ಸುರಕ್ಷತೆಯ ನಿಯಮಕ್ಕೆ ಒಪ್ಪುವಂತಿಲ್ಲ, ಕಿತ್ತು ಹಾಕಬೇಕು ಎಂಬುದು ಆಮೇಲೆ ಪೂರ್ತಿ ಬಯಲಾಯಿತು. ಆಸ್ಪತ್ರೆ ತೆರೆದದ್ದು 2022ರ ಅಕ್ಟೋಬರ್‌ನಲ್ಲಿ. ಅದೇ ಕಂಪನಿಯ ಕೈಯಲ್ಲಿದ್ದ ಮಿಡ್‌ಲ್ಯಾಂಡ್ ಮೆಟ್ರೊಪಾಲಿಟನ್ ಆಸ್ಪತ್ರೆ 2018ರ ಬದಲು 2024ರಲ್ಲಿ ತೆರೆಯಿತು.

ಕರಾರು ವ್ಯರ್ಥವಾಯಿತು ಎಂದರೂ ತಪ್ಪಾಗುತ್ತದೆ. ಈ ಎರಡು ಆಸ್ಪತ್ರೆಗಳಿಂದ ಖಾಸಗಿಯವರು 60 ಕೋಟಿ ಪೌಂಡಿಗೂ ಹೆಚ್ಚು ಕಳೆದುಕೊಂಡರೆಂದು ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2020ರಲ್ಲಿ ವರದಿ ಮಾಡಿತು. ಅಷ್ಟರಮಟ್ಟಿಗೆ ಹಣದ ಹೊರೆ ಅವರ ತಲೆಗೇ ಹೋಯಿತು. ಆದರೆ ಐದು ವರ್ಷಕ್ಕೂ ಮಿಕ್ಕಿ ಹಳೆಯ ಕಟ್ಟಡದಲ್ಲೇ ಚಿಕಿತ್ಸೆ ಪಡೆದ ರೋಗಿಯ ನಷ್ಟವನ್ನು ಯಾವ ಷರತ್ತೂ ಬೇರೆಯವರ ಹೆಗಲಿಗೆ ದಾಟಿಸಲಾರದು. ಕಂಪನಿ ಬಾಗಿಲು ಹಾಕಬಹುದು, ಊರಿನ ಆಸ್ಪತ್ರೆ ಹಾಕುವಂತಿಲ್ಲ. ಅದಕ್ಕೇ, ಗುತ್ತಿಗೆದಾರನ ಕೈಯಲ್ಲಿರುವ ಸಂಗತಿಗಳ ಹೊಣೆಯನ್ನು ಮಾತ್ರ ಅವನಿಗೆ ಕೊಟ್ಟು, ಅವನೇ ಮುಳುಗಿದರೆ ಕೆಲಸ ಮುಂದುವರಿಸುವ ದಾರಿಯನ್ನು ಸರ್ಕಾರ ಮೊದಲೇ ಕಂಡುಕೊಂಡಿರಬೇಕು.

ತಪ್ಪು ಕಲ್ಪನೆ: ದರ ಕಡಿಮೆಯಾದಷ್ಟೂ ಉಳಿತಾಯ.

ವಾಸ್ತವ: ಎರಡೂ ಕಡೆ ಕ್ಯಾರಿಲಿಯನ್ ಒಪ್ಪಿಕೊಂಡ ದರ ಕೆಲಸಕ್ಕೆ ಸಾಲುವಂತಿರಲಿಲ್ಲ ಎನ್ನುತ್ತದೆ ಅದೇ ವರದಿ. ಟೆಂಡರ್ ತೆರೆದಾಗ ‘ಇಷ್ಟು ಕಡಿಮೆಗೆ ಹೇಗೆ ಗಿಟ್ಟುತ್ತದೆ?’ ಎಂದು ಕೇಳುವುದು ಅಧಿಕಾರಿಯ ಕರ್ತವ್ಯ.

ತಪ್ಪು ಕಲ್ಪನೆ: ವಿವರ ಆಮೇಲೆ ನೋಡೋಣ, ಮೊದಲು ಗುತ್ತಿಗೆದಾರನನ್ನು ಗೊತ್ತುಮಾಡಿದರೆ ಸಮಯ ಉಳಿಯುತ್ತದೆ.

ವಾಸ್ತವ: ಡಬ್ಲಿನ್‌ನ ರಾಷ್ಟ್ರೀಯ ಮಕ್ಕಳ ಆಸ್ಪತ್ರೆಯಲ್ಲಿ ಹೀಗೇ ಮಾಡಿದರು. ವಿನ್ಯಾಸ ಪೂರ್ಣಗೊಳ್ಳುವ ಮುನ್ನವೇ ಗುತ್ತಿಗೆದಾರನ ಆಯ್ಕೆಯಾಯಿತು. ವಿವರವಾದ ನಕ್ಷೆ ಕೈಗೆ ಬಂದಾಗ ಕೆಲಸದ ಪ್ರಮಾಣ ಬೆಳೆದಿತ್ತು. 2017ರಲ್ಲಿ 98.3 ಕೋಟಿ ಯೂರೊ ಎಂದು ಮಂಜೂರಾದ ಯೋಜನೆ 2018ರ ಕೊನೆಗೆ 143.3 ಕೋಟಿಗೆ ಏರಿ, ಮುಂದೆ 200 ಕೋಟಿಯನ್ನೂ ದಾಟಿತು. ಕೆಲಸ ಶುರುವಾದ ಮೇಲೆ ಚೌಕಾಸಿಯ ಬಲ ಸರ್ಕಾರದ ಕೈಯಲ್ಲಿ ಹೆಚ್ಚು ಉಳಿದಿರುವುದಿಲ್ಲ. ನನ್ನ ಮಟ್ಟಿಗೆ, ನಕ್ಷೆ ಮುಗಿಸಲು ಒಂದು ವರ್ಷ ಹೆಚ್ಚು ಹಿಡಿದರೂ ಅದು ನಷ್ಟವಲ್ಲ.

ತಪ್ಪು ಕಲ್ಪನೆ: ಕಟ್ಟಡ ಹಸ್ತಾಂತರವಾದರೆ ಅಪಾಯ ಕಳೆದಂತೆ.

ವಾಸ್ತವ: ಎಡಿನ್‌ಬರೊದ ಮಕ್ಕಳ ಆಸ್ಪತ್ರೆಯನ್ನು 2019ರ ಫೆಬ್ರುವರಿಯಲ್ಲಿ ವಹಿಸಿಕೊಂಡರು. ಜುಲೈನಲ್ಲಿ ರೋಗಿಗಳು ಬರಲು ಕೆಲವೇ ದಿನಗಳಿದ್ದಾಗ ಆರೋಗ್ಯ ಸಚಿವರು ತಡೆದರು. ತೀವ್ರ ನಿಗಾ ವಿಭಾಗದಲ್ಲಿ ಗಂಟೆಗೆ 10 ಸಲ ಬದಲಾಗಬೇಕಿದ್ದ ಗಾಳಿ 4 ಸಲ ಮಾತ್ರ ಬದಲಾಗುವಂತೆ ಕಟ್ಟಿದ್ದರು. ತಪ್ಪು ಹುಟ್ಟಿದ್ದು ವರ್ಷಗಳ ಹಿಂದೆ, ಗಾಳಿಯ ಲೆಕ್ಕ ನಮೂದಿಸಿದ್ದ ಆರೋಗ್ಯ ಮಂಡಳಿಯದೇ ಒಂದು ಕೋಷ್ಟಕದಲ್ಲಿ. ಕರಾರಿನ ಪ್ರಕಾರ ಖಾಲಿ ಆಸ್ಪತ್ರೆಗೆ ತಿಂಗಳಿಗೆ ಸುಮಾರು 14 ಲಕ್ಷ ಪೌಂಡ್ ಕಟ್ಟುತ್ತಲೇ ಇರಬೇಕಾಯಿತು. ಆಸ್ಪತ್ರೆ ಪೂರ್ತಿ ತೆರೆದದ್ದು 2021ರಲ್ಲಿ. ಆ ಕೋಷ್ಟಕವನ್ನು ಸೋಂಕು ನಿಯಂತ್ರಣದ ವೈದ್ಯರು ಕಟ್ಟಡ ಏಳುವ ಮೊದಲೇ ಸಾಲುಸಾಲಾಗಿ ಓದಿ ಸಹಿ ಹಾಕುವ ಪದ್ಧತಿ ಇರಬೇಕಿತ್ತು.

ತಪ್ಪು ಕಲ್ಪನೆ: ಒಟ್ಟಿಗೆ ಹತ್ತಾರು ಆಸ್ಪತ್ರೆ ಘೋಷಿಸಿದರೆ ಎಲ್ಲವೂ ಬೇಗ ಆಗುತ್ತವೆ.

ವಾಸ್ತವ: 2030ರೊಳಗೆ 40 ಹೊಸ ಆಸ್ಪತ್ರೆ ಎಂಬುದು ಇಂಗ್ಲೆಂಡ್‌ನಲ್ಲಿ ಕೊಟ್ಟ ಮಾತು. 2025ರ ಜನವರಿಯ ಹೊಸ ವೇಳಾಪಟ್ಟಿಯ ಪ್ರಕಾರ ಕೆಲವುಗಳ ಕೆಲಸ ಶುರುವಾಗುವುದೇ 2035ರ ನಂತರ. ಇಷ್ಟು ದೊಡ್ಡ ಆಸ್ಪತ್ರೆ ಕಟ್ಟಬಲ್ಲ ಕಂಪನಿಗಳು ಬೆರಳೆಣಿಕೆಯಷ್ಟು. ಎಲ್ಲವನ್ನೂ ಒಮ್ಮೆಲೇ ಟೆಂಡರಿಗೆ ಇಟ್ಟರೆ ದರ ಏರುತ್ತದೆ, ಪೈಪೋಟಿ ಇಲ್ಲವಾಗುತ್ತದೆ. ನಿಮ್ಮ ಊರಿಗೆ ದೊಡ್ಡ ಆಸ್ಪತ್ರೆ ಘೋಷಣೆಯಾದಾಗ ಹಾಸಿಗೆ ಎಷ್ಟು ಎಂದಷ್ಟೇ ಕೇಳಬೇಡಿ. ಕಟ್ಟುವವರು ಯಾರು, ಅವರ ಕೈಯಲ್ಲಿ ಈಗ ಎಷ್ಟು ಕೆಲಸವಿದೆ, ಅವರು ಅರ್ಧಕ್ಕೆ ಬಿಟ್ಟರೆ ಮುಂದೇನು ಎಂಬುದನ್ನೂ ಕೇಳಿ.