ಟ್ರಾಂಬೆಯ ಒತ್ತಡ, ಇಂದೋರಿನ ಬೆಳಕು

ಮುಂಬಯಿಯ ಪೂರ್ವ ತೀರದ ಟ್ರಾಂಬೆಯಲ್ಲಿ, ಗುಡ್ಡಕ್ಕೂ ಕಡಲಿಗೂ ನಡುವೆ, 1954ರಲ್ಲಿ ಹೋಮಿ ಭಾಭಾ ಅವರು ನೆಲೆಗೊಳಿಸಿದ ಅಣುಶಕ್ತಿ ಸಂಸ್ಥೆಯು 1967ರಲ್ಲಿ ಅವರದೇ ನಾಮಧೇಯವನ್ನು ತಾಳಿತು. ಅಲ್ಲಿ ಕುಡಿಯೊಡೆದ ವಿದ್ಯೆಗಳಲ್ಲಿ ಲೋಕದ ಕಣ್ಣಿಗೆ ಅಷ್ಟಾಗಿ ಬೀಳದೆ ಬೆಳೆದದ್ದು ಅಧಿಕ ಒತ್ತಡದ ಭೌತವಿಜ್ಞಾನ. ರಿಯಾಕ್ಟರಿನ ಇಂಧನಕ್ಕೆ ಕವಚವಾಗುವ ಜಿರ್ಕೋನಿಯಂ, ಬಲವಾಗಿ ಒತ್ತಿದಾಗ ತನ್ನ ಪರಮಾಣುಗಳ ವಿನ್ಯಾಸವನ್ನೇ ಬದಲಿಸಿ ‘ಒಮೇಗಾ’ ರೂಪವನ್ನು ತಾಳುವುದೆಂದು 1963ರಲ್ಲಿ ಅಮೆರಿಕದ ಜೇಮಿಸನ್ ತೋರಿಸಿದ್ದರು. ಆ ರೂಪಾಂತರವನ್ನು ಕುರಿತ ವಿಸ್ತೃತ ಸಮೀಕ್ಷೆಯನ್ನು 1982ರಲ್ಲಿ ಪ್ರಕಟಿಸಿದವರು ಟ್ರಾಂಬೆಯ ಸಿಕ್ಕಾ, ವೋಹ್ರಾ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದ ಚಿದಂಬರಂ.

ಒತ್ತುವ ಸಾಧನವು ಆಶ್ಚರ್ಯವೆನಿಸುವಷ್ಟು ಚಿಕ್ಕದು. 1958ರ ಸುಮಾರಿಗೆ ವಾಷಿಂಗ್ಟನ್ನಿನಲ್ಲಿ ರೂಪುಗೊಂಡ ಈ ಕೋಶದಲ್ಲಿ ಎರಡು ವಜ್ರಗಳ ಮೊನೆಗಳು ಎದುರುಬದುರಾಗಿರುತ್ತವೆ. ನಡುವಣ ಲೋಹದ ತಗಡಿನ ಸೂಕ್ಷ್ಮರಂಧ್ರದಲ್ಲಿ ವಸ್ತುವಿನ ಕಣವನ್ನೂ, ಒತ್ತಡವನ್ನು ತನ್ನ ಹೊಳಪಿನಿಂದ ಅಳೆದು ಹೇಳುವ ಮಾಣಿಕ್ಯದ ಚೂರನ್ನೂ ಇರಿಸುತ್ತಾರೆ. ಬಲವು ಅತ್ಯಲ್ಪ ವಿಸ್ತೀರ್ಣದ ಮೇಲೆ ಬೀಳುವುದರಿಂದ ತಿರುಪನ್ನು ಕೈಯಿಂದ ತಿರುಗಿಸಿದರೂ ಲಕ್ಷಾಂತರ ವಾಯುಭಾರಗಳ ಒತ್ತಡ ಸಿದ್ಧಿಸುತ್ತದೆ; ವಜ್ರವು ಕ್ಷ-ಕಿರಣಗಳಿಗೆ ದಾರಿಬಿಡುವುದರಿಂದ ಒಳಗಿನ ಪರಮಾಣುವಿನ್ಯಾಸವನ್ನು ಹೊರಗಿನಿಂದಲೇ ಓದಬಹುದು.

ಆದರೆ ಕೂದಲೆಳೆಯ ದಪ್ಪದಷ್ಟು ಮಾತ್ರದ ಆ ಕಣವನ್ನು ಓದಲು ಪ್ರಯೋಗಶಾಲೆಯ ಸಾಮಾನ್ಯ ಕ್ಷ-ಕಿರಣ ನಳಿಕೆಯ ಬೆಳಕು ಸಾಲದು. ಬೆಳಕಿನ ವೇಗಕ್ಕೆ ಸಮೀಪವಾಗಿ ಓಡುವ ಇಲೆಕ್ಟ್ರಾನುಗಳನ್ನು ಅಯಸ್ಕಾಂತಗಳು ಬಾಗಿಸಿದಾಗ ಹೊಮ್ಮುವ ಸಿಂಕ್ರೊಟ್ರಾನ್ ಕಿರಣ, 1947ರಲ್ಲಿ ಅಮೆರಿಕದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು, ಅದಕ್ಕಿಂತ ಎಷ್ಟೋ ಪಾಲು ತೀಕ್ಷ್ಣವಾದದ್ದು. ಗಂಟೆಗಳ ಕೆಲಸವನ್ನು ಅದು ನಿಮಿಷಗಳಿಗೆ ಇಳಿಸಿತು.

ಅಂಥ ಬೆಳಕಿನ ಮನೆಯೊಂದು ನಮ್ಮಲ್ಲೂ ಇರಬೇಕೆಂದು 1984ರಲ್ಲಿ ಇಂದೋರಿನಲ್ಲಿ ವೇಗವರ್ಧಕ ಕೇಂದ್ರಕ್ಕೆ ಅಡಿಗಲ್ಲು ಬಿದ್ದಾಗ, ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದವರು ತುಮಕೂರಿನಲ್ಲಿ ಜನಿಸಿದ ರಾಜಾ ರಾಮಣ್ಣ. 2005ರಲ್ಲಿ ಕೇಂದ್ರಕ್ಕೆ ಅವರ ಹೆಸರೇ ಬಂದಿತು. ಅದೇ ವರ್ಷ ಅಲ್ಲಿ 250 ಕೋಟಿ ಇಲೆಕ್ಟ್ರಾನ್ ವೋಲ್ಟುಗಳ ಶಕ್ತಿಗಾಗಿ ರಚಿತವಾದ ‘ಇಂಡಸ್-2’ ಉಂಗುರದಲ್ಲಿ ಇಲೆಕ್ಟ್ರಾನುಗಳು ಸುತ್ತತೊಡಗಿದವು.

ವಜ್ರದ ಕೋಶವನ್ನು ಅಂಗೈಯಲ್ಲಿ ಹಿಡಿದು ಊರೂರಿಗೆ ಒಯ್ಯಬಹುದು, 172.5 ಮೀಟರ್ ಸುತ್ತಳತೆಯ ಉಂಗುರವನ್ನು ಯಾರೂ ಹೊತ್ತು ತರಲಾರರು. ಆದುದರಿಂದ ಟ್ರಾಂಬೆಯವರು ಉಂಗುರದ ಅಂಚಿನಲ್ಲಿ 11ನೆಯ ಕಿರಣಪಥವನ್ನು ತೀವ್ರಸ್ಥಿತಿಗಳ ಅಧ್ಯಯನಕ್ಕಾಗಿ ತಾವೇ ಕಟ್ಟಿಕೊಂಡರು. ಮುಂಬಯಿಯ ವಿದ್ಯೆ ಇಂದು ತನ್ನ ಅಳತೆಗಳಲ್ಲಿ ಹಲವನ್ನು ಇಂದೋರಿರುವ ಮಾಳವದ ನೆಲದಲ್ಲಿ ನಡೆಸುವುದು ಈ ಕಾರಣದಿಂದಲೇ.