ಪಿಕ್‌ಅಪ್ ವಾಹನದ ಗೇರುಪೆಟ್ಟಿಗೆಯ ಉಷ್ಣತೆ: ಒಂದು ವಿವೇಚನೆ

ವಾಶಿಯ ಸಗಟು ಮಾರುಕಟ್ಟೆಯಿಂದ ಬೆಳಗಿನ ಜಾವ ತರಕಾರಿ, ತೆಂಗಿನಕಾಯಿ, ಈರುಳ್ಳಿಗಳನ್ನು ಹೇರಿಕೊಂಡು ಥಾಣೆ, ಡೊಂಬಿವಲಿ, ಕಲ್ಯಾಣಗಳ ಕಡೆಗೆ ಹೊರಡುವ ಸಣ್ಣ ಭಾರವಾಹನಗಳನ್ನು ಕಾಣದವರು ನಮ್ಮಲ್ಲಿ ಯಾರೂ ಇರಲಾರರು. ನಮ್ಮ ಕರಾವಳಿಯವರು ನಡೆಸುವ ಎಷ್ಟೋ ಉಪಾಹಾರಗೃಹಗಳಲ್ಲಿ ಒಲೆ ಹೊತ್ತುವುದು ಈ ವಾಹನ ಬಾಗಿಲಿಗೆ ಬಂದು ನಿಂತ ಮೇಲೆಯೇ. ಜನ ಇವನ್ನೆಲ್ಲ ಒಟ್ಟಾಗಿ ‘ಟೆಂಪೊ’ ಎಂದು ಕರೆಯುತ್ತಾರೆ. ಅದು 1958ರಲ್ಲಿ ಆರಂಭವಾದ ಬಜಾಜ್ ಟೆಂಪೊ ಸಂಸ್ಥೆಯ, ಮೂಲತಃ ಜರ್ಮನ್ ಮಾದರಿಯ, ಮೂರು ಗಾಲಿಯ ವಾಹನದಿಂದ ಬಂದ ಹೆಸರು. ಸಂಸ್ಥೆ ಮುಂದೆ ತನ್ನ ಹೆಸರನ್ನು ಬದಲಿಸಿಕೊಂಡಿತು. ಮುಂಬಯಿಯ ನಾಲಗೆ ಮಾತ್ರ ಬದಲಿಸಿಕೊಳ್ಳಲಿಲ್ಲ.

ಪ್ರಕೃತ ವಿಷಯವನ್ನು ಎತ್ತಿಕೊಳ್ಳಲು ಕಾರಣವಾದುದು ಒಂದು ಸಣ್ಣ ಘಟನೆ. ಡೊಂಬಿವಲಿಯಲ್ಲಿ ನನಗೆ ಪರಿಚಿತರಾದ ಹೋಟೆಲು ಮಾಲಿಕರೊಬ್ಬರ ಪಿಕ್‌ಅಪ್ ಶೀಳ್‌ಫಾಟಾದ ಸಮೀಪದಲ್ಲಿ ಗೇರು ಬೀಳದೆ ನಿಂತುಬಿಟ್ಟಿತು. ಪೆಟ್ಟಿಗೆಯನ್ನು ಬಿಚ್ಚಿ ನೋಡಿದರೆ, ಇರಬೇಕಾದ ಎಣ್ಣೆಯಲ್ಲಿ ಅರ್ಧದಷ್ಟೂ ಇರಲಿಲ್ಲ. ಇದ್ದುದು ಕಪ್ಪಾಗಿ, ಲೋಹದ ಪುಡಿಯಿಂದ ಮಿನುಗುತ್ತಿತ್ತು. ವಾಹನದ ಸಾಲದ ಕಂತು ಇನ್ನೂ ಮುಗಿದಿರಲಿಲ್ಲ. ಮಾಲಿಕರು ಸಹಜವಾಗಿಯೇ ಚಾಲಕನನ್ನು ಹಳಿದರು. ಸಂಬಳದಲ್ಲಿ ಹಿಡಿಯುವ ಮಾತನ್ನೂ ಆಡಿದರು. ವಿಜಾಪುರದ ಕಡೆಯ ಆ ಹುಡುಗ ಹೇಳಿದ್ದು ಇಷ್ಟೇ: “ಮುಳ್ಳು ನಡುವಽ ಇತ್ತಲ್ರೀ ಸೇಠ್.” ಮೂರನೆಯ ಗೇರಿನಲ್ಲಿ ಗುಂಯ್‌ಗುಟ್ಟುವ ಸದ್ದು ಬರುತ್ತಿದೆ, ಕಾಲಡಿಯ ತಗಡು ಸುಡುತ್ತಿದೆ ಎಂದು ಅವನು ಹತ್ತು ದಿನ ಮೊದಲೇ ತಿಳಿಸಿದ್ದನೆಂಬುದು ಅನಂತರ ಹೊರಬಿದ್ದಿತು.

ಮುಳ್ಳು ಸುಳ್ಳು ಹೇಳಿರಲಿಲ್ಲ. ಚಾಲಕನ ಮುಂದಿರುವ ಉಷ್ಣಮಾಪಕವು ತಿಳಿಸುವುದು ಎಂಜಿನ್ನನ್ನು ತಂಪಾಗಿಡುವ ನೀರಿನ ಸ್ಥಿತಿಯನ್ನು ಮಾತ್ರ. ಅದರಲ್ಲಿಯೂ ಈಚಿನ ಎಷ್ಟೋ ವಾಹನಗಳಲ್ಲಿ ಆ ನೀರು ಸುಮಾರು 80ರಿಂದ 100 ಡಿಗ್ರಿ ಸೆಲ್ಸಿಯಸ್‌ವರೆಗೆ ಎಲ್ಲಿದ್ದರೂ ಮುಳ್ಳು ನಡುವೆಯೇ ನಿಲ್ಲುವಂತೆ ತಯಾರಕರು ಏರ್ಪಡಿಸಿರುತ್ತಾರೆ. ಸಣ್ಣ ಏರಿಳಿತಗಳಿಗೆ ಚಾಲಕನು ಗಾಬರಿಗೊಳ್ಳದಿರಲೆಂಬುದು ಉದ್ದೇಶ. ಗೇರುಪೆಟ್ಟಿಗೆಗೆ ಸಾಮಾನ್ಯ ಪಿಕ್‌ಅಪ್‌ಗಳಲ್ಲಿ ಮಾಪಕವೇ ಇರುವುದಿಲ್ಲ. ಎಂಜಿನ್ನು ಆರೋಗ್ಯವಾಗಿರುವಾಗಲೇ ಅದರ ಹಿಂದಿನ ಪೆಟ್ಟಿಗೆ ಬೇಯುತ್ತಿರುವುದು ಸಾಧ್ಯ.

ಈ ಶಾಖ ಹುಟ್ಟುವುದೆಲ್ಲಿ? ಕೈಯಿಂದ ಗೇರು ಬದಲಿಸುವ ಪೆಟ್ಟಿಗೆಯಲ್ಲಿ ಹಲ್ಲಿನ ಚಕ್ರಗಳು ಒಂದನ್ನೊಂದು ಉಜ್ಜುವುದರಿಂದಲೂ ಎಣ್ಣೆಯನ್ನು ಕಡೆಯುವುದರಿಂದಲೂ ಎಂಜಿನ್ನಿನ ಶಕ್ತಿಯಲ್ಲಿ ನೂರಕ್ಕೆ ಮೂರು ನಾಲ್ಕು ಪಾಲು ಉಷ್ಣವಾಗಿ ಮಾರ್ಪಡುತ್ತದೆ. 75 ಅಶ್ವಶಕ್ತಿಯೆಂದರೆ ಸುಮಾರು 56 ಕಿಲೋವಾಟ್. ಅದರಲ್ಲಿ ನಾಲ್ಕು ಪಾಲು ಎರಡು ಕಿಲೋವಾಟ್‌ಗೆ ತುಸು ಮೇಲು, ಅಂದರೆ ಸ್ನಾನಗೃಹದ ಗೀಸರಿನಷ್ಟು. ಎಣ್ಣೆ ಸರಿಯಾಗಿದ್ದರೆ ಈ ಶಾಖ ಪೆಟ್ಟಿಗೆಯ ಕವಚಕ್ಕೂ ಅಲ್ಲಿಂದ ಗಾಳಿಗೂ ಸೇರಿಹೋಗುತ್ತದೆ. ಎಣ್ಣೆ ಕಡಿಮೆಯಾದರೆ ಉಜ್ಜಾಟ ಹೆಚ್ಚುತ್ತದೆ, ಶಾಖವನ್ನು ಹೊರಗೆ ಒಯ್ಯುವ ದ್ರವವೂ ಇಲ್ಲದಾಗುತ್ತದೆ. ಮಿತಿಮೀರಿ ತುಂಬಿದರೂ ಕೇಡೇ. ಎಣ್ಣೆ ನೊರೆಯಾಗಿ ಕಾಯುತ್ತದೆ.

ಘಾಟಿಯೇ ವಾಹನದ ಶತ್ರುವೆಂಬುದು ರೂಢಿಯ ನಂಬಿಕೆ. ಸ್ಥೂಲವಾದ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಒಟ್ಟು ಮೂರು ಟನ್ ತೂಗುವ ಪಿಕ್‌ಅಪ್ ಹತ್ತು ಕಿಲೋಮೀಟರ್ ದೂರದಲ್ಲಿ 300 ಮೀಟರ್ ಏರಿತೆನ್ನೋಣ. ಅದರ ಗೇರುಪೆಟ್ಟಿಗೆಯಲ್ಲಿ ಹುಟ್ಟುವ ಶಾಖ ಸುಮಾರು ಅರ್ಧ ಮೆಗಾಜೂಲ್. ಅದೇ ವಾಹನ ಕಾಟಯಿ ನಾಕಾದ ಬಳಿಯ ದಟ್ಟಣೆಯಲ್ಲಿ ಒಂದು ಗಂಟೆಯಲ್ಲಿ ನೂರು ಬಾರಿ ನಿಂತು, ಪ್ರತಿ ಬಾರಿಯೂ ಸೆಕೆಂಡಿಗೆ ಮೂರು ಮೀಟರ್ ವೇಗಕ್ಕೆ ಬಂದಿತೆನ್ನೋಣ. ಪ್ರತಿ ಸಲವೂ ವಾಹನ ಗಳಿಸಿದ ಚಲನಶಕ್ತಿಯಷ್ಟೇ ಶಕ್ತಿ, ಸುಮಾರು 13,500 ಜೂಲ್, ಜಾರುವ ಕ್ಲಚ್ಚಿನಲ್ಲಿ ಶಾಖವಾಗುತ್ತದೆ. ನೂರು ಬಾರಿಗೆ ಅದು 1.35 ಮೆಗಾಜೂಲ್, ನಾಲ್ಕು ಲೀಟರ್ ತಣ್ಣೀರನ್ನು ಕುದಿಸಲು ಅಷ್ಟು ಸಾಕು. ಘಾಟಿಯಲ್ಲಿ ಓಡುವ ಗಾಳಿಯಾದರೂ ಇರುತ್ತದೆ, ದಟ್ಟಣೆಯಲ್ಲಿ ಅದೂ ಇಲ್ಲ. ಅರೆ ಕ್ಲಚ್ಚಿನ ಮೇಲೆ ಕಾಲಿಟ್ಟು ತೆವಳುವ ಅಭ್ಯಾಸವಿದ್ದಲ್ಲಿ ಈ ಲೆಕ್ಕವೂ ಮೀರಿಹೋಗುವುದು.

ತಾನಾಗಿ ಗೇರು ಬದಲಿಸುವ ಪಿಕ್‌ಅಪ್‌ಗಳು ನಮ್ಮ ದೇಶದಲ್ಲಿ ವಿರಳ. ಇಸುಝು ವಿ-ಕ್ರಾಸ್, 2022ರಲ್ಲಿ ಇಲ್ಲಿಗೆ ಬಂದ ಟೊಯೊಟಾ ಹೈಲಕ್ಸ್, ಇಂಥವು ಕೆಲವು. ಇವುಗಳಲ್ಲಿ ಕ್ಲಚ್ಚಿನ ಸ್ಥಾನದಲ್ಲಿರುವ ಟಾರ್ಕ್ ಕನ್ವರ್ಟರಿನ ತತ್ತ್ವವನ್ನು ಜರ್ಮನಿಯ ಹರ್ಮನ್ ಫ್ಯೋಟಿಂಗರ್ 1905ರಲ್ಲಿ ಹಡಗುಗಳಿಗಾಗಿ ರೂಪಿಸಿದನು. ಎರಡು ಬೀಸಣಿಗೆಗಳನ್ನು ಎದುರುಬದುರಾಗಿಟ್ಟು ಒಂದನ್ನು ತಿರುಗಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಗಾಳಿಯ ಬದಲು ಎಣ್ಣೆಯನ್ನು ಭಾವಿಸಿಕೊಂಡರೆ ಮೂಲತತ್ತ್ವ ಮನಸ್ಸಿಗೆ ಬರುತ್ತದೆ. ಎರಡರ ವೇಗಗಳ ಅಂತರ ಹೆಚ್ಚಿದಷ್ಟೂ ಎಣ್ಣೆ ಕಾಯುತ್ತದೆ. ಹೆದ್ದಾರಿಯಲ್ಲಿ ಒಂದು ಬೀಗದ ಕ್ಲಚ್ಚು ಎರಡನ್ನೂ ಬಂಧಿಸಿ ಈ ನಷ್ಟವನ್ನು ನಿಲ್ಲಿಸುತ್ತದೆ. ತೆವಳುವ ವೇಗದಲ್ಲಿ ಆ ಬೀಗ ಬೀಳುವುದೇ ಇಲ್ಲ. ಈ ಎಣ್ಣೆಗೆ 80ರಿಂದ 95 ಡಿಗ್ರಿ ಹಿತವಾದ ನೆಲೆ. 110 ದಾಟಿದರೆ ಎಚ್ಚರಿಕೆ ಬೇಕು. 120ರ ಸುಮಾರಿಗೆ ಎಣ್ಣೆ ಕೆಟ್ಟು ಅರಗಿನಂಥ ಲೇಪ ಹಿಡಿಯತೊಡಗುತ್ತದೆ. 140ರ ಹತ್ತಿರ ರಬ್ಬರಿನ ಸೀಲುಗಳು ಗಡುಸಾಗುತ್ತವೆ. ಪ್ರತಿ ಹತ್ತು ಡಿಗ್ರಿ ಏರಿಕೆಗೂ ಎಣ್ಣೆಯ ಆಯುಷ್ಯ ಅರ್ಧವಾಗುತ್ತದೆಂದು ತಂತ್ರಜ್ಞರು ಸ್ಥೂಲವಾಗಿ ಎಣಿಸುತ್ತಾರೆ.

ಇಂಥ ವಾಹನಗಳಲ್ಲಿ ಎಣ್ಣೆಯೊಳಗೆ ಉಷ್ಣಸಂವೇದಕವಿರುತ್ತದೆ. ಆದರೆ ಬಹುಮಟ್ಟಿಗೆ ಚಾಲಕನಿಗೆ ದೊರೆಯುವುದು ಅಂಕೆಯಲ್ಲ, ಕೊನೆಯ ಗಳಿಗೆಯ ಎಚ್ಚರಿಕೆಯ ದೀಪ. ಚಕ್ರದ ಕೆಳಗಿನ ಪರೀಕ್ಷಾ ಕಿಂಡಿಗೆ ಸಿಕ್ಕಿಸುವ ಅಗ್ಗದ ಉಪಕರಣಗಳು ಎಂಜಿನ್ ನೀರಿನ ಉಷ್ಣತೆಯನ್ನು ಓದುತ್ತವೆ, ಏಕೆಂದರೆ ಅದರ ಸಂಕೇತ ಎಲ್ಲ ತಯಾರಕರಿಗೂ ಸಮಾನ. ಗೇರೆಣ್ಣೆಯ ಸಂಕೇತ ಸಾಮಾನ್ಯವಾಗಿ ಆಯಾ ತಯಾರಕರದೇ ಆದುದರಿಂದ ಕೊಳ್ಳುವ ಮೊದಲು ವಿಚಾರಿಸುವುದು ಲೇಸು.

ಸಾಮಾನ್ಯ ಪಿಕ್‌ಅಪ್‌ಗೆ ಸುಲಭವಾದ ಸಾಧನವೆಂದರೆ ದೂರದಿಂದ ಹಿಡಿದು ನೋಡುವ ಅವಕೆಂಪು ಉಷ್ಣಮಾಪಕ. 2020ರ ಮಹಾಮಾರಿಯಲ್ಲಿ ಸೊಸೈಟಿಗಳ ಬಾಗಿಲಲ್ಲಿ ನಮ್ಮ ಹಣೆಗೆ ಹಿಡಿಯುತ್ತಿದ್ದುದು ಅದರ ತಮ್ಮನೇ. ಆದರೆ ಅದು ಮನುಷ್ಯನ ಜ್ವರದಾಚೆಗೆ ಎಣಿಸಲಾರದು, ಕಾರಖಾನೆಯ ಬಳಕೆಯದೇ ಬೇಕು. ಇಲ್ಲೊಂದು ಸೂಕ್ಷ್ಮವಿದೆ. ಹೊಳೆಯುವ ಅಲ್ಯೂಮಿನಿಯಂ ಕವಚದ ಮೇಲೆ ಈ ಮಾಪಕ ನಿಜಕ್ಕಿಂತ ಬಹಳ ಕಡಿಮೆ ಅಂಕೆಯನ್ನು ತೋರಿಸುತ್ತದೆ. ಆದುದರಿಂದ ಕವಚದ ಕೆಳಬದಿಯಲ್ಲಿ ಒಂದೆಡೆ ಶಾಖ ತಡೆಯುವ ಕಪ್ಪು ಬಣ್ಣವನ್ನು ಬಳಿದು, ಪ್ರತಿದಿನ ಸರಕು ಇಳಿಸಿದೊಡನೆ ಅದೇ ಜಾಗದಲ್ಲಿ ಅಳೆದು, ಹೊರಗಿನ ಗಾಳಿಯ ಉಷ್ಣತೆಯೊಡನೆ ಪುಸ್ತಕದಲ್ಲಿ ಬರೆದಿಡಬೇಕು. ಒಳಗಿನ ಎಣ್ಣೆ ಈ ಅಂಕೆಗಿಂತ ಬಿಸಿಯಾಗಿಯೇ ಇರುತ್ತದೆ. ಆದರೂ ಒಂದೇ ದಾರಿ, ಒಂದೇ ಹೊರೆಗೆ ವಾರದಿಂದ ವಾರಕ್ಕೆ ಅಂಕೆ ಏರುತ್ತ ಹೋದರೆ ಒಳಗೆ ಏನೋ ನಡೆಯುತ್ತಿದೆಯೆಂದೇ ಅರ್ಥ. ಆ ವಿಜಾಪುರದ ಹುಡುಗನ ಕೈಯಲ್ಲಿ ಇಂಥ ಹತ್ತು ದಿನಗಳ ಬರಹವಿದ್ದಿದ್ದರೆ ಮಾತಿನ ರೀತಿಯೇ ಬೇರೆಯಾಗುತ್ತಿತ್ತು.

ಈ ಪದ್ಧತಿ ಕಲ್ಯಾಣಕ್ಕೆ ಹೊಸತೂ ಅಲ್ಲ. 1854ರಲ್ಲಿ ರೈಲು ತಲುಪಿದ ಈ ಊರಿನಿಂದ ಎರಡು ಮಾರ್ಗಗಳು ಕವಲೊಡೆದು 1863ರಲ್ಲಿ ಭೋರ್ ಘಾಟಿಯನ್ನೂ 1865ರಲ್ಲಿ ಥಳ್ ಘಾಟಿಯನ್ನೂ ಹತ್ತಿದವು. ಎರಡರಲ್ಲಿಯೂ 37 ಅಡಿಗೆ ಒಂದಡಿಯ ಏರು. ಗಾಡಿ ನಿಂತೊಡನೆ ಗಾಲಿಯ ಅಚ್ಚಿನ ಪೆಟ್ಟಿಗೆಗಳನ್ನು ಕೈಯಿಂದ ಮುಟ್ಟಿ, ಕಾದುದನ್ನು ಬೇರ್ಪಡಿಸುವುದು ನಮ್ಮ ರೈಲ್ವೆ ಪರೀಕ್ಷಕರ ಬಹುಕಾಲದ ವಾಡಿಕೆ. ಲಾರಿಯ ಲೋಕಕ್ಕೆ ಆ ಶಿಸ್ತು ಇಳಿದುಬರಲಿಲ್ಲ.

ಇಳಿಜಾರಿನ ಒಂದು ದುರಭ್ಯಾಸವನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕಸಾರಾ ಘಾಟಿಯಂಥಲ್ಲಿ ಡೀಸಲು ಉಳಿಸಲೆಂದು ಎಂಜಿನ್ನು ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಇಳಿಯುವವರಿದ್ದಾರೆ. ಆಗ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುವ ಕೆಳಗಿನ ದಂಡ ನಿಂತುಬಿಡುತ್ತದೆ, ಗಾಲಿಗೆ ಜೋಡಿಸಿದ ಮೇಲಿನ ದಂಡ ಒಣಗಿಯೇ ತಿರುಗುತ್ತದೆ. ಬ್ರೇಕಿನ ನೆರವೂ ತಪ್ಪುತ್ತದೆ. ಉಳಿದ ಅಪಾಯವನ್ನು ವಿವರಿಸಬೇಕಾಗಿಲ್ಲ.

ಇನ್ನು ಮಳೆಗಾಲ. ಜುಲೈ ತಿಂಗಳಲ್ಲಿ ನಮ್ಮ ಈ ಊರುಗಳ ತಗ್ಗು ರಸ್ತೆಗಳಲ್ಲಿ ನೀರು ನಿಲ್ಲುವುದು ಎಲ್ಲರ ಅನುಭವ. ಗೇರುಪೆಟ್ಟಿಗೆಯ ನೆತ್ತಿಯಲ್ಲಿ ಒಳಗಿನ ಬಿಸಿ ಗಾಳಿ ಹೊರಗೆ ಹೋಗಲೆಂದು ಒಂದು ಉಸಿರುಕೊಳವೆ ಇರುತ್ತದೆ. ಕಾದ ಪೆಟ್ಟಿಗೆ ತಣ್ಣನೆಯ ನೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿ ಥಟ್ಟನೆ ಕುಗ್ಗಿ, ಆ ಕೊಳವೆಯಿಂದಲೋ ಸವೆದ ಸೀಲಿನಿಂದಲೋ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ತಣ್ಣಗಿರುವ ಪೆಟ್ಟಿಗೆಗೆ ಈ ಭಯ ಕಡಿಮೆ. ಆದಕಾರಣ ದೂರದಿಂದ ಬಂದ ವಾಹನವನ್ನು ನೀರಿಗಿಳಿಸುವ ಮೊದಲು ಸಾಧ್ಯವಾದರೆ ಅರ್ಧ ಗಂಟೆ ಎತ್ತರದಲ್ಲಿ ನಿಲ್ಲಿಸಬೇಕು. ನೀರು ದಾಟಿದ ಮರುದಿನ ಪೆಟ್ಟಿಗೆಯ ತಿರುಪನ್ನು ಸಡಿಲಿಸಿ ತುಸು ಎಣ್ಣೆಯನ್ನು ಬಟ್ಟಲಿಗೆ ಹಿಡಿದು ನೋಡಬೇಕು. ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ವಾಶಿಯ ಸರಕು ಒಂದು ದಿನ ತಡವಾದರೂ ಚಿಂತೆಯಿಲ್ಲ, ವಾಹನವನ್ನು ಹೊರಡಿಸಬಾರದು.